ಮನೆಯ ರೌಟರಿಗೂ ಒಂದು ದಿಡ್ಡಿಬಾಗಿಲು

ಧಾರವಾಡದ ಹಳೆಯ ವಾಡೆಗಳನ್ನು ಕಂಡವರಿಗೆ ದಿಡ್ಡಿಬಾಗಿಲಿನ ಪರಿಚಯ ಹೇಳಬೇಕಾಗಿಲ್ಲ. ಹೆಬ್ಬಾಗಿಲು ಮುಚ್ಚಿದ್ದಾಗ ಅದರೊಳಗಿನ ಆ ಕಿರುಬಾಗಿಲಿನಿಂದ ತಲೆ ತಗ್ಗಿಸಿ ಒಬ್ಬೊಬ್ಬರೇ ಒಳಬರಬೇಕು. ಬಂದವರು ಯಾರೆಂಬುದು ಪಡಸಾಲೆಯಲ್ಲಿ ಕುಳಿತವರಿಗೆ ತಿಳಿದೇ ತಿಳಿಯುತ್ತಿತ್ತು. ಇಂದಿನ ಮನೆಗಳ ಮೂಲೆಯಲ್ಲಿ ದೀಪ ಮಿನುಗಿಸುತ್ತ ಕುಳಿತ ರೌಟರ್ ಎಂಬ ಪೆಟ್ಟಿಗೆಯೂ ಅಂಥದೊಂದು ಬಾಗಿಲೇ. ಅದರ ಅಗಳಿ ಹಾಕಿದೆಯೇ ಎಂದು ನೋಡುವವರು ಮಾತ್ರ ವಿರಳ.

ಪೆಟ್ಟಿಗೆಯೊಳಗಿನ ಫೈರ್‌ವಾಲ್ ಎಂಬ ಕಾವಲುಗಾರನ ನಿಯಮ ಸರಳವಾದುದು. ಒಳಗಿನಿಂದ ಹೊರಟ ವಿನಂತಿಗಳನ್ನು ನೆನಪಿಟ್ಟು, ಅವುಗಳ ಉತ್ತರವನ್ನಷ್ಟೇ ಒಳಬಿಡುತ್ತಾನೆ. ಕರೆಯದೆ ಬಂದುದನ್ನು ಹೊರಗೇ ತಡೆಯುತ್ತಾನೆ. ಆದರೆ ಅವನಿಗೆ ಅಪ್ಪಣೆ ಕೊಡುವ ಕೀಲಿಕೈಯೇ ಊರಿಗೆಲ್ಲ ಗೊತ್ತಿದ್ದರೆ? ಬಳಕೆಯ ಹೆಸರು ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’! ಕಾರ್ಖಾನೆಯಲ್ಲಿಟ್ಟ ಇಂತಹ 60ರಷ್ಟು ಜೋಡಿಗಳನ್ನು ಒಂದೊಂದಾಗಿ ಪ್ರಯೋಗಿಸಿಯೇ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ 2016ರಲ್ಲಿ ಲಕ್ಷಾಂತರ ರೌಟರ್, ಕ್ಯಾಮೆರಾಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅಮೆರಿಕೆಯ ಹೆಸರಾಂತ ಜಾಲತಾಣಗಳು ತಾಸುಗಟ್ಟಲೆ ಸಿಗದೇ ಹೋದುದು ಅದರ ದೆಸೆಯಿಂದಲೇ.

ಸಪ್ತಾಪುರದ ಸುತ್ತ ಸ್ಪರ್ಧಾಪರೀಕ್ಷೆಗೆ ಓದುವ ಹುಡುಗರು ಬಾಡಿಗೆ ಕೋಣೆಗಳಲ್ಲಿ ತುಂಬಿರುವ ನಮ್ಮ ಊರಿನಲ್ಲಿ ತೊಡಕು ಬೇರೆಯೇ ಬಗೆಯದು. “ಕಾಕಾರ, ವೈಫೈ ಪಾಸ್‌ವರ್ಡ್ ಹೇಳ್ರಿ, ಅರ್ಜಿ ತುಂಬೂದೈತಿ” ಎಂದರೆ ಇಲ್ಲವೆನ್ನುವುದು ಹೇಗೆ? ಆದರೂ 2008ರ ಜುಲೈ 26 ನೆನಪಾಗುತ್ತದೆ. ಅಹಮದಾಬಾದಿನ ಸ್ಫೋಟಗಳಿಗೆ ಕೆಲವೇ ನಿಮಿಷ ಮೊದಲು ಬಂದ ಬೆದರಿಕೆಯ ಇ-ಮೇಲಿನ ಜಾಡು ಹಿಡಿದ ಪೊಲೀಸರು ತಲುಪಿದುದು ನವಿ ಮುಂಬಯಿಯ ಒಂದು ಮನೆಗೆ. ಆ ಮನೆಯ ವೈಫೈಯನ್ನು ಬೇರೆಯವರು ಬಳಸಿಕೊಂಡಿದ್ದರು. ಮನೆಯೊಳಗೆ ಎಷ್ಟೇ ಯಂತ್ರಗಳಿರಲಿ, ಹೊರಜಗತ್ತಿಗೆ ಸಾಮಾನ್ಯವಾಗಿ ಕಾಣುವುದು ಒಂದೇ ವಿಳಾಸ.

ಆದುದರಿಂದ ನಾನು ಹುಡುಗರಿಗಾಗಿ ‘ಅತಿಥಿ ಜಾಲ’ವನ್ನು ಬೇರೆ ತೆರೆದಿದ್ದೇನೆ. ನಮ್ಮ ಗಣಕ, ಕ್ಯಾಮೆರಾಗಳು ಅಲ್ಲಿಂದ ಕಾಣವು. ಹೊರಗಿನ ವಿಳಾಸ ಆಗಲೂ ನನ್ನದೇ. ಅದಕ್ಕಾಗಿ ಗುರುತಿನವರಿಗಷ್ಟೇ ಕೊಟ್ಟು, ಕೋಣೆ ಖಾಲಿಯಾದ ದಿನ ಬೀಗದ ಕೈ ಮರಳಿ ಪಡೆಯುವಂತೆ ಪಾಸ್‌ವರ್ಡನ್ನೂ ಬದಲಿಸುತ್ತೇನೆ. ಯಂತ್ರಗಳ ‘ಮ್ಯಾಕ್’ ಸಂಖ್ಯೆ ನೋಡಿ ಒಳಬಿಡುವ ಪಟ್ಟಿಯ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಆ ಸಂಖ್ಯೆಯನ್ನು ನಕಲು ಮಾಡಬಹುದು. ಈಗಿನ ಫೋನುಗಳಂತೂ ಅದನ್ನು ತಾವೇ ಮರೆಮಾಚುತ್ತವೆ.

ಇನ್ನು ಹಿತ್ತಿಲ ಬಾಗಿಲುಗಳು: ದೂರದಿಂದ ರೌಟರನ್ನು ನಿಯಂತ್ರಿಸುವ ಸೌಕರ್ಯ, ಗುಂಡಿಯೊತ್ತಿ ಜೋಡಿಸುವ ಡಬ್ಲ್ಯೂಪಿಎಸ್, ಒಳಗಿನ ಯಂತ್ರಗಳು ಯಾರನ್ನೂ ಕೇಳದೆ ಕಿಂಡಿ ತೆರೆಯಲು ಬಿಡುವ ಯುಪಿಎನ್‌ಪಿ. ಮೂರನ್ನೂ ಮುಚ್ಚಿದ್ದೇನೆ. ಆಟವಾಡುವ ಮೊಮ್ಮಗ ಮಾತ್ರ ಎರಡು ದಿನ ಮುನಿಸಿಕೊಂಡಿದ್ದ.