ಬಜ್ಪೆ ದುರಂತ: ಜನರ ಊಹೆ ಮತ್ತು ತನಿಖೆಯ ಉತ್ತರ

2010ರ ಮೇ 22ರ ಬೆಳಗ್ಗೆ 6 ಗಂಟೆ ದಾಟುತ್ತಿದ್ದಂತೆ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆ ನಿಲ್ದಾಣದ ರನ್‌ವೇಯನ್ನು ಮೀರಿ ಹೋಗಿ ಕೆಂಜಾರಿನ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ಎಂಟು ಪ್ರಯಾಣಿಕರು ಮಾತ್ರ ಬದುಕಿ ಹೊರಬಂದರು. ಆಗ ಕಣ್ಣೂರಿನಲ್ಲಿ ವಿಮಾನ ನಿಲ್ದಾಣ ಇರಲಿಲ್ಲ. ಸುಳ್ಯ, ಪುತ್ತೂರಿನಿಂದ ಹಿಡಿದು ಕಾಸರಗೋಡಿನವರೆಗೆ ಗಲ್ಫಿಗೆ ದುಡಿಯಲು ಹೋದವರಿಗೆಲ್ಲ ಊರಿನ ಬಾಗಿಲು ಬಜ್ಪೆಯೇ. ಹಾಗಾಗಿ ‘ಯಾಕೆ ಹೀಗಾಯಿತು’ ಎಂಬ ಪ್ರಶ್ನೆ ಇಲ್ಲಿ ಬರಿಯ ಕುತೂಹಲದ್ದಾಗಿರಲಿಲ್ಲ. ಮುಂದಿನ ವಾರ ಅದೇ ರನ್‌ವೇಗೆ ಬಂದಿಳಿಯಬೇಕಾದವರ ಮನೆಗಳಿಂದ ಬಂದ ಪ್ರಶ್ನೆ ಅದು.

ತನಿಖೆ ಶುರುವಾಗುವ ಮೊದಲೇ ಉತ್ತರಗಳು ಹುಟ್ಟಿಕೊಂಡವು. ಇಳಿಯುವಾಗ ದೊಡ್ಡ ಸದ್ದು ಕೇಳಿಸಿತೆಂದು ಬದುಕುಳಿದವರು ಹೇಳಿದ್ದರಿಂದ ಟಯರ್ ಒಡೆದಿರಬೇಕು ಎಂಬ ಮಾತು ಮೊದಲು ಹಬ್ಬಿತು. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ‘ಟೇಬಲ್‌ಟಾಪ್’ ರನ್‌ವೇಯೇ ಕಾರಣ ಎಂದರು ಹಲವರು. ಆ ಮಾತಿಗೆ ಹಿಂದಿನ ಇತಿಹಾಸವೂ ಇತ್ತು. 2006ರಲ್ಲಿ ಬಳಕೆಗೆ ಬಂದ ಈ ಹೊಸ ರನ್‌ವೇ ಸುರಕ್ಷಿತವಲ್ಲ ಎಂದು ಸ್ಥಳೀಯರು ವರ್ಷಗಟ್ಟಲೆ ಮೊದಲೇ ನ್ಯಾಯಾಲಯದ ಮೆಟ್ಟಿಲು ಹತ್ತಿ, ಸೋತು ಬಂದಿದ್ದರು. ಕ್ಯಾಪ್ಟನ್ ಸರ್ಬಿಯಾ ಮೂಲದವರೆಂದು ತಿಳಿದ ಮೇಲೆ, ಊರು ಗೊತ್ತಿಲ್ಲದ ವಿದೇಶಿ ಪೈಲಟ್‌ನಿಂದ ಹೀಗಾಯಿತು ಎಂಬ ವಾದವೂ ಸೇರಿಕೊಂಡಿತು.

ಸರಕಾರ ನೇಮಿಸಿದ ತನಿಖಾ ನ್ಯಾಯಾಲಯದ ಮುಖ್ಯಸ್ಥರು ವಾಯುಪಡೆಯ ನಿವೃತ್ತ ಉಪಮುಖ್ಯಸ್ಥ ಏರ್ ಮಾರ್ಷಲ್ ಭೂಷಣ್ ಗೋಖಲೆ. ದುರಂತದ ಮರುದಿನವೇ ಕಾಕ್‌ಪಿಟ್‌ನ ಧ್ವನಿಮುದ್ರಕ, ಮತ್ತೆರಡು ದಿನಕ್ಕೆ ಹಾರಾಟದ ದತ್ತಾಂಶ ಮುದ್ರಕ ಸಿಕ್ಕಿದ್ದವು. ಒಂದರಲ್ಲಿ ಪೈಲಟ್‌ಗಳ ಮಾತು ಮತ್ತು ಎಚ್ಚರಿಕೆಯ ದನಿಗಳು, ಇನ್ನೊಂದರಲ್ಲಿ ವೇಗ, ಎತ್ತರ, ಎಂಜಿನ್, ಬ್ರೇಕ್‌ಗಳ ಕ್ಷಣಕ್ಷಣದ ಲೆಕ್ಕ. ಎರಡನ್ನೂ ಒಂದೇ ಕಾಲರೇಖೆಯಲ್ಲಿ ಜೋಡಿಸಿದರೆ ಯಾರ ಯಾವ ಮಾತಿಗೆ ವಿಮಾನ ಏನು ಮಾಡಿತು ಎಂಬುದು ಸ್ಪಷ್ಟವಾಗುತ್ತದೆ.

ಧ್ವನಿಮುದ್ರಣದ ಉದ್ದ 2 ಗಂಟೆ 5 ನಿಮಿಷ. ಅದರ ಮೊದಲ 1 ಗಂಟೆ 40 ನಿಮಿಷದಲ್ಲಿ ಪೈಲಟ್‌ಗಳ ನಡುವೆ ಮಾತೇ ಇಲ್ಲ. ನಡುನಡುವೆ ಗೊರಕೆ ಮತ್ತು ಭಾರವಾದ ಉಸಿರು ಕೇಳಿಸುತ್ತದೆ. ಕ್ಯಾಪ್ಟನ್ ನಿದ್ರಿಸಿದ್ದರು. ಗಾಢ ನಿದ್ರೆಯಿಂದ ಎದ್ದವರ ಮನಸ್ಸು ತಕ್ಷಣ ಚುರುಕಾಗುವುದಿಲ್ಲ, ನಿರ್ಧಾರಗಳು ಮಂದವಾಗುತ್ತವೆ. ನಸುಕಿನ ಹೊತ್ತು ದೇಹ ಸಹಜವಾಗಿಯೇ ಕುಗ್ಗಿರುವ ವೇಳೆ ಬೇರೆ. ಊರೂರಲ್ಲಿ ಹಬ್ಬಿದ್ದ ಊಹೆಗಳಲ್ಲಿ ಇದು ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ, ಏಕೆಂದರೆ ಹೊರಗಿನಿಂದ ನೋಡಿದವರಿಗೆ ಅದು ಕಾಣುವಂಥದ್ದಲ್ಲ.

ಮಂಗಳೂರಿನ ರಾಡಾರ್ ಎರಡು ದಿನದಿಂದ ಕೆಟ್ಟಿತ್ತು. ಹಾಗಾಗಿ ವಿಮಾನಕ್ಕೆ ಕೆಳಗಿಳಿಯಲು ಅನುಮತಿ ತಡವಾಗಿ, ಸುಮಾರು 77 ನಾಟಿಕಲ್ ಮೈಲಿ ದೂರದಲ್ಲಿದ್ದಾಗ ಸಿಕ್ಕಿತು. ಇದನ್ನು ಮೊದಲೇ ಲೆಕ್ಕ ಹಾಕಿ ಇಳಿತವನ್ನು ಸರಿದೂಗಿಸಬಹುದಿತ್ತು, ಅದು ಆಗಲಿಲ್ಲ. ರನ್‌ವೇ ಹತ್ತಿರವಾದಾಗ ವಿಮಾನ ಇರಬೇಕಾದುದಕ್ಕಿಂತ ಸುಮಾರು ಎರಡು ಪಟ್ಟು ಎತ್ತರದಲ್ಲಿತ್ತು. ಅದನ್ನು ತಗ್ಗಿಸಲು ಕ್ಯಾಪ್ಟನ್ ಕಡಿದಾಗಿ ಇಳಿಸಿದರು. ಎಚ್ಚರಿಕೆಯ ಯಂತ್ರ ಕೂಗುತ್ತಲೇ ಇತ್ತು. ಸಹಪೈಲಟ್ ಮೂರು ಬಾರಿ ‘ಗೋ ಅರೌಂಡ್’, ಅಂದರೆ ಇಳಿಯುವುದು ಬಿಟ್ಟು ಮತ್ತೆ ಮೇಲೇರೋಣ, ಎಂದರು. ಕ್ಯಾಪ್ಟನ್ ಇಳಿದೇಬಿಟ್ಟರು. ಸುಮಾರು 8,030 ಅಡಿಯ ರನ್‌ವೇಯಲ್ಲಿ ಚಕ್ರಗಳು ಸರಿಯಾಗಿ ನೆಲಕ್ಕೆ ಕೂತದ್ದು ಸುಮಾರು 5,200 ಅಡಿ ದಾಟಿದ ಮೇಲೆ.

ಅಷ್ಟಾದರೂ ಅವಕಾಶ ಪೂರ್ತಿ ಮುಗಿದಿರಲಿಲ್ಲ. ನೆಲಕ್ಕೆ ತಾಗಿದೊಡನೆ ಬ್ರೇಕನ್ನು ಪೂರ್ಣವಾಗಿ ಒತ್ತಿ, ಎಂಜಿನ್‌ಗಳ ಹಿಮ್ಮುಖ ಒತ್ತಡ ಬಳಸಿದ್ದರೆ ರನ್‌ವೇ ಆರಂಭದಿಂದ 7,600 ಅಡಿಯೊಳಗೆ, ಎಂದರೆ ರನ್‌ವೇಯ ಮೇಲೆಯೇ, ವಿಮಾನ ನಿಲ್ಲುತ್ತಿತ್ತು ಎಂದು ಲೆಕ್ಕಾಚಾರ ತೋರಿಸಿತು. ಇಡೀ ವರದಿಯಲ್ಲಿ ಹೊಟ್ಟೆಯಲ್ಲಿ ಸಂಕಟ ಹುಟ್ಟಿಸುವ ಸಂಖ್ಯೆ ಇದು. ಕ್ಯಾಪ್ಟನ್ ಹಿಮ್ಮುಖ ಒತ್ತಡ ಶುರುಮಾಡಿ, ಆಮೇಲೆ ಮನಸ್ಸು ಬದಲಿಸಿ, ಮತ್ತೆ ಹಾರಲು ಎಂಜಿನ್‌ಗೆ ವೇಗ ಕೊಟ್ಟರು. ವಿಮಾನದ ಬಲರೆಕ್ಕೆ ರನ್‌ವೇಯಾಚೆ ಆಂಟೆನಾ ನಿಲ್ಲಿಸಿದ್ದ ಕಾಂಕ್ರೀಟ್ ಕಟ್ಟೆಗೆ ಬಡಿಯಿತು, ಮುಂದೆ ಕಣಿವೆ.

ಈಗ ಊಹೆಗಳಿಗೆ ಮರಳಬಹುದು. ಅಪಘಾತಕ್ಕೆ ಕಾರಣವಾಗುವ ಯಾಂತ್ರಿಕ ದೋಷ ವಿಮಾನದಲ್ಲಿ ಕಂಡುಬರಲಿಲ್ಲ. ಗಾಳಿ ಶಾಂತವಾಗಿತ್ತು, 6 ಕಿಲೋಮೀಟರ್‌ವರೆಗೆ ಕಣ್ಣಿಗೆ ಕಾಣುತ್ತಿತ್ತು. ಕ್ಯಾಪ್ಟನ್ ಈ ಊರಿಗೆ ಅಪರಿಚಿತರಲ್ಲ, ಹಿಂದೆ ಹಲವು ಬಾರಿ ಇಲ್ಲಿಗೆ ಬಂದಿಳಿದವರು. ಆದರೆ ಟೇಬಲ್‌ಟಾಪ್ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ರನ್‌ವೇಯ ತುದಿಯಲ್ಲಿ ಇದ್ದ ಸುರಕ್ಷತಾ ಜಾಗ 90 ಮೀಟರ್. ಅದು ಅಂತರರಾಷ್ಟ್ರೀಯ ನಿಯಮದ ಕನಿಷ್ಠ ಮಿತಿ, ಶಿಫಾರಸು 240 ಮೀಟರ್. ಬಡಿದರೆ ಮುರಿದು ಬೀಳುವಂತೆ ಇರಬೇಕಾದ ಕಟ್ಟೆ ಗಟ್ಟಿ ಕಾಂಕ್ರೀಟಿನದಾಗಿತ್ತು. ಗುಡ್ಡ ಅಪಘಾತವನ್ನು ಹುಟ್ಟಿಸಲಿಲ್ಲ ನಿಜ, ಆದರೆ ತಪ್ಪಿಗೆ ತೆರಬೇಕಾದ ಬೆಲೆಯನ್ನು ಹೆಚ್ಚಿಸಿತು. ಜನ ಹಿಡಿದ ತುಣುಕು ಸುಳ್ಳಲ್ಲ; ಅದೊಂದೇ ಸಾಕೆಂದುಕೊಂಡದ್ದು ತಪ್ಪು. ‘ಪೈಲಟ್ ತಪ್ಪು’ ಎಂದು ಮಾತು ಮುಗಿಸುವುದೂ ಅದೇ ಬಗೆಯ ತಪ್ಪೇ. ಕ್ಯಾಪ್ಟನ್ ಕೇಳದಿದ್ದಾಗ ಸಹಪೈಲಟ್ ನಿಯಂತ್ರಣವನ್ನು ಕೈಗೆ ತೆಗೆದುಕೊಳ್ಳಬೇಕೋ ಬೇಡವೋ ಎಂಬ ನಿಯಮಗಳೇ ಗೊಂದಲವಾಗಿದ್ದವು ಎಂದು ವರದಿ ದಾಖಲಿಸಿದೆ.

ಕರ್ನಾಟಕದಲ್ಲಿ ಹೀಗೆ ಊಹೆ ಓಡಿದ್ದು ಇದೇ ಮೊದಲಲ್ಲ. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಹತ್ತಿರ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ-320 ಬಿದ್ದು 92 ಮಂದಿ ಸತ್ತಾಗ, ಎಲ್ಲರ ಬೆರಳು ಹೋದದ್ದು ಆಗಷ್ಟೇ ಬಂದಿದ್ದ ‘ಕಂಪ್ಯೂಟರ್ ವಿಮಾನ’ದ ಕಡೆಗೆ. ಸರಕಾರ ಆ ಮಾದರಿಯ ವಿಮಾನಗಳ ಹಾರಾಟವನ್ನೇ ನಿಲ್ಲಿಸಿತು. ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿ ಇಳಿಯುವ ವಿಧಾನದಲ್ಲೇ ವಿಮಾನ ಉಳಿದದ್ದನ್ನೂ, ವೇಗ ಮತ್ತು ಎತ್ತರ ಕುಸಿಯುತ್ತಿದ್ದುದನ್ನೂ ಸಿಬ್ಬಂದಿ ಸಮಯಕ್ಕೆ ಗಮನಿಸಲಿಲ್ಲ ಎಂಬುದು ತನಿಖೆಯ ಉತ್ತರವಾಗಿತ್ತು.

ವಿಮಾನ ಅಪಘಾತಗಳ ತನಿಖೆಗೆಂದೇ ಭಾರತದಲ್ಲಿ ಪ್ರತ್ಯೇಕ ಬ್ಯೂರೋ ಸ್ಥಾಪನೆಯಾದದ್ದು 2012ರಲ್ಲಿ. 2020ರ ಆಗಸ್ಟ್ 7ರಂದು ಕೋಯಿಕ್ಕೋಡಿನ ಟೇಬಲ್‌ಟಾಪ್ ರನ್‌ವೇಯಿಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನದೇ ಇನ್ನೊಂದು ವಿಮಾನ ಕೆಳಗೆ ಜಾರಿ 21 ಮಂದಿ ಸತ್ತಾಗ ತನಿಖೆ ನಡೆಸಿದ್ದು ಈ ಬ್ಯೂರೋ. ಸುರಿವ ಮಳೆಯಲ್ಲಿ ಆ ವಿಮಾನವೂ ರನ್‌ವೇಯ ಅರ್ಧದಷ್ಟು ದಾಟಿಯೇ ಇಳಿದಿತ್ತು. ಅಲ್ಲೂ ಸಹಪೈಲಟ್ ‘ಗೋ ಅರೌಂಡ್’ ಎಂದಿದ್ದರು.