ಎಸಿ ನಾರುತ್ತಿದ್ದರೆ ಅತ್ತರು ಹಚ್ಚಬೇಡಿ

ಕಾಪುವಿನ ನಮ್ಮ ಮನೆಯಲ್ಲಿ ಎಸಿ ಇರುವುದು ಅಜ್ಜಿಯ ಕೋಣೆಯಲ್ಲಿ ಮಾತ್ರ. ಎರಡು ವರ್ಷದ ಹಿಂದೆ ಅಣ್ಣ ಗಲ್ಫಿನಿಂದ ರಜೆಯಲ್ಲಿ ಬಂದಾಗ ಹಾಕಿಸಿದ್ದು. ಕಳೆದ ಅಕ್ಟೋಬರಿನಲ್ಲಿ, ಮಳೆಗಾಲ ಮುಗಿದ ಮೇಲೆ ಮೊದಲ ಸಲ ಅದನ್ನು ಆನ್ ಮಾಡಿದಾಗ, ಒದ್ದೆ ಸಾಕ್ಸನ್ನು ಮೂರು ದಿನ ಶೂ ಒಳಗೇ ಬಿಟ್ಟಂಥ ವಾಸನೆ ಬಂತು. ಅಜ್ಜಿ ಹೆಚ್ಚು ಯೋಚಿಸಲಿಲ್ಲ. ಹತ್ತಿಗೆ ಅತ್ತರು ಹಚ್ಚಿ ಗಾಳಿ ಬರುವ ಸಂದಿಗೆ ಸಿಕ್ಕಿಸಿದರು. ಎರಡು ದಿನ ಕೋಣೆ ಮದುವೆ ಮನೆಯ ಹಾಗಿತ್ತು. ಮೂರನೇ ದಿನ ಅತ್ತರು ಹಚ್ಚಿದ ಸಾಕ್ಸಿನ ವಾಸನೆ!

ಕಾಲೇಜಿನಲ್ಲಿ ಭೌತಶಾಸ್ತ್ರದ ಸರ್ ಹತ್ತಿರ ಇದನ್ನು ಹೇಳಿದೆ. ಅವರು ಉತ್ತರ ಕೊಡುವ ಬದಲು, "ಹೊರಗೆ ನೀರು ಬೀಳುವ ಪೈಪ್ ಉಂಟಲ್ಲ, ಅದರ ಕೆಳಗೆ ಒಂದು ರಾತ್ರಿ ಬಕೆಟ್ ಇಟ್ಟು ನೋಡು" ಎಂದರು. ರಾತ್ರಿ ಹತ್ತಕ್ಕೆ ಇಟ್ಟೆ. ಬೆಳಗ್ಗೆ ಐದಕ್ಕೆ ನೋಡಿದರೆ ಹತ್ತು ಲೀಟರಿನ ಬಕೆಟ್ ಅರ್ಧಕ್ಕಿಂತ ಮೇಲೆ ತುಂಬಿತ್ತು.

ಅಷ್ಟು ನೀರು ಬಂದದ್ದು ಕೋಣೆಯ ಗಾಳಿಯಿಂದ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 10 ಡಿಗ್ರಿಯಲ್ಲಿ ಸುಮಾರು 9 ಗ್ರಾಂ ಮಾತ್ರ. ಎಸಿಯೊಳಗಿನ ತಣ್ಣನೆಯ ಕಾಯಿಲನ್ನು ನಮ್ಮ ಕಡಲತೀರದ ಒದ್ದೆ ಗಾಳಿ ಮುಟ್ಟಿದಾಗ, ಹೆಚ್ಚಾದ ನೀರಾವಿ ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೇಲೆ ಕೂರುವ ಹಾಗೆ ಹನಿಯಾಗಿ ಕೂರುತ್ತದೆ. ಪಠ್ಯದ 'ಇಬ್ಬನಿ ಬಿಂದು' ಅಂದರೆ ಇದೇ. ನಿಜ ಹೇಳಬೇಕೆಂದರೆ ಈ ಯಂತ್ರ ಹುಟ್ಟಿದ್ದೇ ಗಾಳಿಯನ್ನು ಒಣಗಿಸಲಿಕ್ಕೆ. 1902ರಲ್ಲಿ (ನಮ್ಮ ಕಾಪು ದೀಪಸ್ತಂಭ ಕಟ್ಟಿದ ಮರುವರ್ಷ) ವಿಲ್ಲಿಸ್ ಕ್ಯಾರಿಯರ್ ಎಂಬ ಅಮೆರಿಕದ ಎಂಜಿನಿಯರ್ ಇದನ್ನು ರೂಪಿಸಿದ್ದು ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ. ಅಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲವಂತೆ.

ನೀರಿಗೆ ವಾಸನೆ ಇಲ್ಲ. ಆದರೆ ಫಿಲ್ಟರ್ ದಾಟಿ ಬಂದ ಧೂಳು, ಬಟ್ಟೆಯ ನೂಲು, ನಮ್ಮ ಚರ್ಮದ ಪುಡಿ ಆ ಒದ್ದೆ ಕಾಯಿಲಿಗೆ ಅಂಟಿಕೊಳ್ಳುತ್ತವೆ. ಬ್ಯಾಕ್ಟೀರಿಯಾ ಮತ್ತು ಬೂಷ್ಟಿಗೆ ಊಟವೂ ನೀರೂ ಒಂದೇ ಜಾಗದಲ್ಲಿ ಸಿಕ್ಕಿದ ಹಾಗಾಯಿತು. ಅವು ಅಲ್ಲಿ ಲೋಳೆಯ ಪದರವಾಗಿ ಬೆಳೆದು ಬಿಡುವ ಅನಿಲಗಳೇ ಆ ವಾಸನೆ. ಇಂಗ್ಲಿಷಿನಲ್ಲೂ ಇದಕ್ಕೆ 'ಡರ್ಟಿ ಸಾಕ್' ಎಂದೇ ಹೆಸರು. ಅತ್ತರಿನ ಎಣ್ಣೆ ಅದರ ಮೇಲೆ ಕೂತರೆ ಇನ್ನಷ್ಟು ಧೂಳು ಅಂಟುತ್ತದೆ, ಅಷ್ಟೇ. ಇನ್ನೊಂದು ವಿಷಯ ನನಗೂ ಗೊತ್ತಿರಲಿಲ್ಲ: ಮನೆಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ. ಬಾಗಿಲು ತೆರೆದಿಟ್ಟು ಬಂಗುಡೆ ಹುರಿದರೆ ಆ ವಾಸನೆಯೂ ಅದರಲ್ಲೇ ಸುತ್ತುತ್ತಿರುತ್ತದೆ. ಬೂಷ್ಟಿನ ಕಣಗಳೂ ಹಾಗೆಯೇ. ಅಸ್ತಮಾ ಇರುವವರಿಗೆ ಇದು ಬರೀ ವಾಸನೆಯ ಪ್ರಶ್ನೆ ಅಲ್ಲ.

ನಾವು ಮಾಡಿದ್ದು ಇಷ್ಟು. ಮೇನ್ ಆಫ್ ಮಾಡಿ, ಮುಂದಿನ ಮುಚ್ಚಳ ಎತ್ತಿ ಫಿಲ್ಟರ್ ತೆಗೆದೆ. ಅದರ ಮೇಲೆ ಬೂದು ಬಣ್ಣದ ಕಂಬಳಿಯಂಥ ಧೂಳಿತ್ತು. ನಲ್ಲಿ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ ಹಾಕಿದೆ. ಅರ್ಧ ವಾಸನೆ ಹೋಯಿತು. ಉಳಿದ ಅರ್ಧ ಒಳಗಿನ ಕಾಯಿಲ್, ಬ್ಲೋವರ್ ಮತ್ತು ನೀರು ನಿಲ್ಲುವ ಟ್ರೇಯದು. ಅದು ನಮ್ಮ ಕೈಕೆಲಸವಲ್ಲ. ಸರ್ವಿಸಿನವರು ಎಸಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಪಂಪಿನಿಂದ ನೀರು ಹೊಡೆದರು. ಚೀಲದಲ್ಲಿ ಬಂದ ಕಪ್ಪು ನೀರು ನೋಡಿ ಅಜ್ಜಿ ಸುಮ್ಮನಾದರು. ಉಮ್ಮ ಫಿನಾಯಿಲ್ ಬಾಟಲಿ ಹಿಡಿದು ನಿಂತಿದ್ದರು. ಅವರು ಬೇಡ ಎಂದರು: ಕಾಯಿಲಿನ ಅಲ್ಯೂಮಿನಿಯಂ ರೆಕ್ಕೆಗಳು ಕಾಗದದಷ್ಟು ತೆಳು, ಕಡಲಿನ ಉಪ್ಪುಗಾಳಿಯೇ ಅವನ್ನು ತಿನ್ನುತ್ತಿದೆ, ಬ್ಲೀಚಿಂಗ್ ಅಥವಾ ಆಸಿಡ್ ಬಿದ್ದರೆ ಬೇಗ ತೂತಾಗುತ್ತದೆ.

ಈಗ ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯುವುದು ನನ್ನ ಕೆಲಸ. ಬೆಳಗ್ಗೆ ಎಸಿ ನಿಲ್ಲಿಸುವ ಮೊದಲು ಕಿಟಕಿ ತೆರೆದು ಅರ್ಧ ಗಂಟೆ ಬರೀ ಫ್ಯಾನ್ ಮೋಡ್‌ನಲ್ಲಿ ಬಿಡುತ್ತೇವೆ, ಕಾಯಿಲ್ ಒಣಗಲಿ ಅಂತ. "ತಂಪು ಬಾರದಿದ್ದರೆ ಅದು ಯಾಕೆ ತಿರುಗಬೇಕು? ಕರೆಂಟ್ ಬಿಲ್ ಯಾರು ಕಟ್ಟುವುದು?" ಎಂದು ಅಜ್ಜಿ ದಿನಾ ಕೇಳುತ್ತಾರೆ. ಕಂಪ್ರೆಸರ್ ಓಡದಿದ್ದರೆ ಅದು ಒಂದು ಮಾಮೂಲಿ ಫ್ಯಾನ್‌ನಷ್ಟೇ ಎಂದು ನಾನೂ ದಿನಾ ಹೇಳುತ್ತೇನೆ.

ಎಲ್ಲ ವಾಸನೆಗೂ ಕಾರಣ ಇದೇ ಅಲ್ಲ. ಕಾರ್ಕಳದ ಚಿಕ್ಕಮ್ಮನ ಮನೆಯ ಎಸಿ ಚರಂಡಿಯ ಹಾಗೆ ನಾರುತ್ತಿತ್ತು. ಎರಡು ಸಲ ಸರ್ವಿಸ್ ಮಾಡಿಸಿದರೂ ಹೋಗಲಿಲ್ಲ. ಆಮೇಲೆ ನೋಡಿದರೆ, ಹಾಕಿದವರು ಅದರ ನೀರಿನ ಪೈಪನ್ನು ಬಚ್ಚಲಿನ ಮೋರಿಯೊಳಗೆ ಇಳಿಸಿದ್ದರು. ಬ್ಲೋವರ್ ತಿರುಗಿದಾಗ ಮೋರಿಯ ಗಾಳಿಯನ್ನೇ ಪೈಪಿನ ಮೂಲಕ ಎಳೆಯುತ್ತಿತ್ತು. ಪೈಪನ್ನು ಹೊರಗೆ ತಿರುಗಿಸಿ, ತುದಿ ನೆಲ ಮುಟ್ಟದ ಹಾಗೆ ಬಿಟ್ಟರು. ಈಗ ಆ ನೀರು ಬಾಳೆಗಿಡಕ್ಕೆ. ಮಣಿಪಾಲದ ಫ್ಲ್ಯಾಟಿನಲ್ಲಿರುವ ಗೆಳೆಯನ ಮನೆಯದ್ದು ಇನ್ನೂ ಸರಳ: ಬ್ಲೋವರ್ ಪಕ್ಕ ಸತ್ತ ಹಲ್ಲಿ.

ಇನ್ನು ಈ ಲೇಖನ ಬರೆಯಲು ಕಾರಣವಾದ ವಾಸನೆ. ಈ ಜೂನ್‌ನಲ್ಲಿ ಮಳೆ ನಿಂತು ಸೆಕೆ ಏರಿದ ಒಂದು ವಾರ ಅಜ್ಜಿಯ ಕೋಣೆಯಲ್ಲಿ ಮೀನಿನ ವಾಸನೆ ಶುರುವಾಯಿತು. ಉಮ್ಮ ಒಣಮೀನಿನ ಡಬ್ಬಿ ನೋಡಿದರು, ಮುಚ್ಚಳ ಬಿಗಿಯಾಗಿಯೇ ಇತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮನೆಗೆ ಹಸಿ ಮೀನು ಬಾರದೆ ವಾರವಾಗಿತ್ತು. ಅಜ್ಜಿ ಮತ್ತೆ ಅತ್ತರಿನ ಹತ್ತಿ ಸಿಕ್ಕಿಸಿದರು. ಎರಡು ದಿನ ಯಾರಿಗೂ ಏನೂ ಗೊತ್ತಾಗಲಿಲ್ಲ.

ಮೂರನೇ ರಾತ್ರಿ ನಾನು ಅಲ್ಲಿ ಓದುತ್ತಿದ್ದಾಗ ಎಸಿ ಒಮ್ಮೆ ನಿಂತು ಮತ್ತೆ ಶುರುವಾಯಿತು. ಎದ್ದು ನೋಡಿದರೆ ಸಾಕೆಟ್ ಸುತ್ತ ಕಂದು ಬಣ್ಣ. ಪ್ಲಗ್ ಮುಟ್ಟದೆ ಓಡಿಹೋಗಿ ಎಂಸಿಬಿ ಇಳಿಸಿದೆ. ಬೆಳಗ್ಗೆ ಎಲೆಕ್ಟ್ರಿಷಿಯನ್ ಬಿಚ್ಚಿದಾಗ ಸಾಕೆಟ್‌ನ ಒಂದು ಸ್ಕ್ರೂ ಸಡಿಲಾಗಿ, ಪ್ಲಗ್ಗಿನ ಒಂದು ಬದಿ ಕರಗಿತ್ತು. ಅಜ್ಜಿಯ ಮಂಚ ಅದಕ್ಕೆ ತಾಗಿಕೊಂಡೇ ಇದೆ.

ಮೀನಿನ ವಾಸನೆಗೆ ಕಾರಣ ಟ್ರೈಮೀಥೈಲ್ ಅಮೀನ್. ಸಾಕೆಟ್ ಮಾಡುವ ಕೆಲವು ಬಗೆಯ ಪ್ಲಾಸ್ಟಿಕ್ ಅತಿಯಾಗಿ ಬಿಸಿಯಾದಾಗಲೂ ಅಮೀನ್ ಜಾತಿಯ ಅನಿಲಗಳು ಹೊರಬರುತ್ತವೆ. ಮೂಗಿಗೆ ಎರಡೂ ಒಂದೇ. ಬೇರೆ ಊರಿನವರಾದರೆ ಎಸಿಯಿಂದ ಮೀನಿನ ವಾಸನೆ ಬಂತೆಂದು ಹೆದರಿಯಾರು. ನಮ್ಮ ಊರಿನಲ್ಲಿ ಯಾರು ಹೆದರುತ್ತಾರೆ?

ಎಂಸಿಬಿ ತಾನಾಗಿ ಯಾಕೆ ಬೀಳಲಿಲ್ಲ ಎಂದು ಕೇಳಿದ್ದಕ್ಕೆ ಸರ್ ಬೋರ್ಡಿನ ಮೇಲೆ ಲೆಕ್ಕ ಮಾಡಿಸಿದರು. ಒಂದೂವರೆ ಟನ್ನಿನ ಎಸಿ ಸುಮಾರು 7 ಆಂಪಿಯರ್ ಎಳೆಯುತ್ತದೆ. ಸಡಿಲ ಜೋಡಣೆಯ ರೋಧ ಅರ್ಧ ಓಮ್ ಎಂದಿಟ್ಟುಕೊಳ್ಳಿ. ವಿದ್ಯುತ್ಪ್ರವಾಹದ ವರ್ಗ ಗುಣಿಸು ರೋಧ, ಅಂದರೆ 49ರ ಅರ್ಧ, 24.5 ವ್ಯಾಟ್. ಒಂದು ಸಣ್ಣ ಸೋಲ್ಡರಿಂಗ್ ಐರನ್‌ನಷ್ಟು ಶಾಖ ಆ ಒಂದೇ ಬಿಂದುವಿನಲ್ಲಿ, ಇಡೀ ರಾತ್ರಿ. ಆದರೆ ವಿದ್ಯುತ್ಪ್ರವಾಹ 7 ಆಂಪಿಯರ್ ದಾಟಲೇ ಇಲ್ಲ, ಹಾಗಾಗಿ ಎಂಸಿಬಿಯ ಲೆಕ್ಕದಲ್ಲಿ ಎಲ್ಲವೂ ಸರಿಯಿತ್ತು. ಆ ಕೋಣೆಯಲ್ಲಿ ಇದನ್ನು ಹಿಡಿಯಬಹುದಾಗಿದ್ದುದು ಮೂಗು ಒಂದೇ. ಅದಕ್ಕೂ ನಾವು ಅತ್ತರು ಹಚ್ಚಿದ್ದೆವು.

ಸಾಕೆಟ್ ಬದಲಾಯಿಸಿ 20 ಆಂಪಿಯರಿನದು ಹಾಕಿಸಿದ್ದೇವೆ. ಕರಗಿದ ಹಳೆಯ ಪ್ಲಗ್ ಈಗ ನಮ್ಮ ಭೌತಶಾಸ್ತ್ರ ಪ್ರಯೋಗಾಲಯದ ಕಿಟಕಿ ಪಕ್ಕದ ಮೇಜಿನ ಮೇಲಿದೆ. ಬೇಕಾದವರು ಮೂಸಿ ನೋಡಬಹುದು. ವಾಸನೆ ಇನ್ನೂ ಸ್ವಲ್ಪ ಉಂಟು.