ಕೇಳಿದ್ದು ಹೊಳೆ ನೀರು, ಬಂದದ್ದು ಬೆಂಗಳೂರಿನ ಬಚ್ಚಲು ನೀರು

2016ರ ಮಾರ್ಚ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ರೈತರು ಟ್ರ್ಯಾಕ್ಟರ್ ಏರಿ ಬೆಂಗಳೂರಿಗೆ ಹೊರಟರು. ರಾಜಧಾನಿಯ ಸಂಚಾರ ಅಸ್ತವ್ಯಸ್ತವಾಯಿತು. ಬೇಡಿಕೆ ಒಂದೇ: ಶಾಶ್ವತ ನೀರಾವರಿ.

ಬೇಡಿಕೆ ಹೊಸದಲ್ಲ. ವರ್ಷವಿಡೀ ಹರಿಯುವ ಹೊಳೆ ಈ ಜಿಲ್ಲೆಗಳಿಗಿಲ್ಲ. ಪಾಲಾರ್ ನದಿ ನೆನಪಾಗುವುದು ಒಳ್ಳೆಯ ಮಳೆಯಾದರೆ ಮಾತ್ರ. ಕೆರೆಗಳು ಬತ್ತಿದಂತೆ ಬೋರ್‌ವೆಲ್ ಸಾವಿರ ಅಡಿ ದಾಟಿತು, ನೀರಿನ ಜತೆ ಫ್ಲೋರೈಡ್ ಮೇಲೆ ಬಂತು. ನೀರಾವರಿ ತಜ್ಞ ಜಿ.ಎಸ್. ಪರಮಶಿವಯ್ಯ ಪಶ್ಚಿಮಕ್ಕೆ ಹರಿಯುವ ಹೊಳೆಗಳ ನೀರನ್ನು ಬಯಲುಸೀಮೆಗೆ ತಿರುಗಿಸಬಹುದೆಂದು ವರದಿ ಕೊಟ್ಟಿದ್ದರು. ಆ ವರದಿ ಹಿಡಿದೇ ಜನ ಧರಣಿ ಕೂತರು. ಅಂಥ ಹೊಳೆಗಳ ನೀರನ್ನು ಇತ್ತ ತಿರುಗಿಸುವ ಎತ್ತಿನಹೊಳೆ ಯೋಜನೆಗೆ ಸರ್ಕಾರ 2014ರಲ್ಲಿ ಅಡಿಗಲ್ಲು ಹಾಕಿತು.

ಮೊದಲು ಬಂದದ್ದು ಮಾತ್ರ ಬೇರೆ ನೀರು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್‌ವರೆಗೆ ಪಂಪ್ ಮಾಡಿ 126 ಕೆರೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ. ಶ್ರೀನಿವಾಸಪುರದ ಆಗಿನ ಶಾಸಕ ಕೆ.ಆರ್. ರಮೇಶ್‌ಕುಮಾರ್ ಇದಕ್ಕೆ ಬೆನ್ನೆಲುಬಾಗಿ ನಿಂತರು. ಬೀದಿಯ ಕೂಗು ವಿಧಾನಸೌಧ ಮುಟ್ಟಿತ್ತು, ನಿಜ. ಯಾವ ನೀರು ಕೊಡಬೇಕೆಂದು ತೀರ್ಮಾನಿಸಿದ್ದು ವಿಧಾನಸೌಧವೇ.

2018ರ ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಪೈಪಿನ ನೀರು ಧುಮುಕಿತು. ಒಂದು ಕೆರೆ ಕೋಡಿ ಬಿದ್ದರೆ ಮುಂದಿನದಕ್ಕೆ. ಹಳೆಯ ಕೆರೆಸರಪಳಿಯೇ ಕಾಲುವೆ. ಮರುತಿಂಗಳು ಅದೇ ಕೆರೆಯಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿನಂತೆ ಬಿಳಿ ನೊರೆ ಎದ್ದಿತು. ಪಂಪ್ ನಿಲ್ಲಿಸಬೇಕಾಯಿತು.

ಬೀದಿಯಲ್ಲಿದ್ದವರು ಈಗ ಹೈಕೋರ್ಟ್ ಮೆಟ್ಟಿಲೇರಿದರು. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆರ್. ಆಂಜನೇಯ ರೆಡ್ಡಿ ಅವರ ತಕರಾರು ಸರಳ: ಮೂರನೇ ಹಂತದ ಶುದ್ಧೀಕರಣವಿಲ್ಲದ ನೀರು ಅಂತರ್ಜಲಕ್ಕೆ ಇಳಿಯಬಾರದು. ಹೈಕೋರ್ಟ್ ತಡೆ ಕೊಟ್ಟಿತು, ತೆರವುಗೊಳಿಸಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಡೆದು, ಕೆಲ ತಿಂಗಳಲ್ಲಿ ಬಿಟ್ಟಿತು. ನೀರು ಕೇಳಿದವರೇ ನೀರು ನಿಲ್ಲಿಸಲು ಹೊರಟರೆಂಬ ಕುಹಕವೂ ಕೇಳಿಬಂತು. ಅನ್ಯಾಯದ ಮಾತದು, ಅವರು ಕೇಳಿದ್ದು ಈ ನೀರನ್ನಲ್ಲ.

ಇತ್ತ ನೀರು ತುಂಬಿದ ಕೆರೆಗಳ ಸುತ್ತ ಬತ್ತಿದ ಕೊಳವೆಬಾವಿಗಳು ಮರುಜೀವ ಪಡೆದವು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಲ್ಲೂ ‘ನಮ್ಮ ಕೆರೆಗೆ ಯಾವಾಗ?’ ಎಂಬ ಪ್ರಶ್ನೆ ಎದ್ದಿತು. ಈ ಕೆರೆಗಳಿಗೆ ನೇರ ಮೋಟರ್ ಇಡುವಂತಿಲ್ಲ. ನೀರು ಮೊದಲು ನೆಲಕ್ಕೆ ಇಂಗಬೇಕು, ಆಮೇಲೆ ಬೋರ್‌ವೆಲ್‌ನಿಂದ ಟೊಮೆಟೊ ಸಾಲಿಗೆ.